ಸಾಕ್ಷಿ ಹೇಳಲು ಬಂದ ಹಲ್ಲಿ

ಕೋಳಿಯನ್ನು ಕೊಂದ ಬೆಕ್ಕಿನ ವಿಚಾರಣೆ ದನದ ಕೊಟ್ಟಿಗೆಯಲ್ಲಿ ನಡೆದಿತ್ತು. ನ್ಯಾಯಾಧೀಶರ ಜಾಗದಲ್ಲಿ ಕೋಣ ಮೆಲುಕು ಹಾಕುತ್ತ ಕೂತಿತ್ತು. ಸಾಕ್ಷಿ ಹೇಳಲು ಗೋಡೆಯ ಹಲ್ಲಿ ಬೀಗುತ್ತ ಬಂದಿತು. ತಾನು ಲೊಚಗುಟ್ಟಿದರೆ ಆಗಷ್ಟೇ ಆಡಿದ ಮಾತು ನಿಜವೆಂದು ಊರಿಗೆ ಊರೇ ನಂಬುತ್ತದೆ. ತನಗಿಂತ ದೊಡ್ಡ ಸಾಕ್ಷಿ ಇನ್ಯಾರಿದ್ದಾರೆ?

“ಏನು ಕಂಡೆ?” ಎಂದು ಕೋಣ ಕೇಳಿತು.

“ಎಲ್ಲವನ್ನೂ ಕಂಡೆ, ಮಹಾಸ್ವಾಮಿ. ಬೆಕ್ಕು ಗೂಡಿನ ಮುಂದೆ ನಿಂತು ‘ನಾಯಿ ಮಲಗಿರಬೇಕು’ ಅಂತ ಗೊಣಗಿತು. ನಾನು ಲೊಚಗುಟ್ಟಿದೆ. ‘ಗೂಡಿನ ಚಿಲಕ ಹಾಕಿಲ್ಲವೇನೋ’ ಅಂದಿತು. ಅದಕ್ಕೂ ಲೊಚಗುಟ್ಟಿದೆ. ಆಮೇಲೆ ಒಳಗೆ ನುಗ್ಗಿ ಕೋಳಿಯ ಕತ್ತು ಹಿಡಿಯಿತು.”

ಕೋಣ ಮೆಲುಕು ಹಾಕುವುದನ್ನು ನಿಲ್ಲಿಸಿತು. “ಹೋಗಿ ಬೆಕ್ಕಿನ ಪಕ್ಕ ನಿಲ್ಲು.”

“ನಾನು ಒಂದು ಪುಕ್ಕವನ್ನೂ ಮುಟ್ಟಿಲ್ಲ,” ಎಂದು ಹಲ್ಲಿ ಬಾಲ ಸೆಟೆಸಿತು. “ಇದ್ದದ್ದನ್ನು ಇದ್ದಂತೆ ಹೇಳುವುದು ನಮ್ಮ ಮನೆತನದ ಪದ್ಧತಿ.”

“ಬರೀ ನೋಡಿದ್ದರೆ ನೀನು ಸಾಕ್ಷಿ. ಕೊಲ್ಲಲು ಹೊರಟವರಿಗೆ ದಾರಿ ಸಲೀಸು ಮಾಡಿಕೊಟ್ಟ ಮೇಲೆ ಪಾಲುದಾರ. ಗೂಡಿನಲ್ಲಿ ಗಲಿಬಿಲಿಯಾದರೆ ಹುಳಹುಪ್ಪಟೆ ಹೊರಬೀಳುತ್ತವೆ, ನಿನ್ನ ಹೊಟ್ಟೆಯೂ ತುಂಬುತ್ತದೆ ಅಂತ ಗೊತ್ತಿದ್ದೇ ನೀನು ಲೊಚಗುಟ್ಟಿದ್ದು.”

ಹಲ್ಲಿ ಬಾಯಿ ಬಿಗಿಹಿಡಿಯಿತು. ಆದರೆ ನಿಜವಾದ ಮಾತು ಕಿವಿಗೆ ಬಿದ್ದ ಮೇಲೆ ಅದರ ಗಂಟಲು ಯಾರ ಮಾತನ್ನೂ ಕೇಳುವುದಿಲ್ಲ. “ಲೊಚ್, ಲೊಚ್” ಎಂದಿತು.

ನೆರೆದಿದ್ದ ಕೋಳಿಗಳೆಲ್ಲ ವಾಡಿಕೆಯಂತೆ ನೆಲಕ್ಕೆ ಕೊಕ್ಕು ಕುಟ್ಟಿ “ಕೃಷ್ಣ ಕೃಷ್ಣ” ಎಂದವು. ಬೆಕ್ಕು ಸ್ವಲ್ಪ ಸರಿದು ಹಲ್ಲಿಗೆ ಜಾಗ ಮಾಡಿಕೊಟ್ಟಿತು.