ಆರಲೊಪ್ಪದ ದೀಪ

ಘಾಟಿಯ ಕೆಳಗೆ ಒಂದು ಜೀಪು ನಿಂತಿತ್ತು. ಅದರಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಪೊನ್ನವ್ವ ಕೂತಿದ್ದಳು. ಕೆಸರು ದಾರಿಯಲ್ಲಿ ಮೇಲಿನ ಆಸ್ಪತ್ರೆಗೆ ಹೊರಟ ಅವಳ ಅಣ್ಣ ಬೆಳ್ಯಪ್ಪನಿಗೆ, ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಫೋರ್‌ವೀಲ್ ಡ್ರೈವಿನ ಎಚ್ಚರಿಕೆ ದೀಪ ಹೊತ್ತಿಕೊಂಡು ಅಡ್ಡ ಬಂದಿತ್ತು. ಫ್ಯೂಸ್ ಬದಲಿಸಿದರೂ ಅದು ಆರಲಿಲ್ಲ.

"ಅಣ್ಣಾ, ಇನ್ನೆಷ್ಟು ಹೊತ್ತು?"

"ಈ ದೀಪವನ್ನೇ ಕಿತ್ತು ಹೊರಡುತ್ತೇನೆ ತಂಗೀ" ಎಂದು ಬೆಳ್ಯಪ್ಪ ಇಕ್ಕಳ ಹುಡುಕತೊಡಗಿದ.

ಆಗ ಜೀಪಿನ ಕಬ್ಬಿಣದ ಚೌಕಟ್ಟಾದ ಚಾಸಿಗೆ ಬಿಗಿದಿದ್ದ ಅರ್ತ್ ವೈರು ದೀಪಕ್ಕೆ ಹೇಳಿತು: "ಅಯ್ಯಾ, ಸುಮ್ಮನೆ ಆರಿಬಿಡು. ನಿನ್ನ ಜೀವವೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ."

"ನಿನ್ನ ಮಾನಕ್ಕೇನಾಗಿದೆ?"

"ನನ್ನ ಬೋಲ್ಟಿಗೆ ತುಕ್ಕು ಹಿಡಿದಿದೆ. ಕರೆಂಟು ನನ್ನಲ್ಲಿ ಸರಿಯಾಗಿ ಹರಿಯುತ್ತಿಲ್ಲ, ಅದಕ್ಕೇ ಫೋರ್‌ವೀಲ್ ಡ್ರೈವ್ ಕೆಲಸ ಮಾಡುತ್ತಿಲ್ಲ. ಗೊತ್ತಾದರೆ ನನ್ನನ್ನು ಬಿಸಾಡುತ್ತಾರೆ."

"ನಾನು ಆರಿದರೆ ಇವನು ಎಲ್ಲ ಸರಿಯಾಯಿತೆಂದು ನಂಬುತ್ತಾನೆ. ಮುಂದಿನ ಚಕ್ರಗಳು ತಿರುಗದೆ ಜೀಪು ಕೆಸರಿನಲ್ಲಿ ಜಾರಿದರೆ ಆ ತಾಯಿಯ ಗತಿಯೇನು? ನನ್ನನ್ನು ಕಿತ್ತರೂ ಸರಿಯೇ, ಅಲ್ಲಿಯವರೆಗೆ ನಾನು ಉರಿಯುತ್ತೇನೆ. ಹೇಳಬೇಕಾದ್ದನ್ನು ನೀನು ಹೇಳು."

ವೈರು ಮಾನದ ಚಿಂತೆ ಬಿಟ್ಟು, ತನ್ನ ಬೋಲ್ಟಿನ ಬಳಿ ಚಟ್ಟನೆ ಕಿಡಿ ಹಾರಿಸಿತು.

ಬೆಳ್ಯಪ್ಪ ಬಗ್ಗಿ ನೋಡಿದ. "ಓಹೋ, ತೊಂದರೆ ಇರುವುದು ಇಲ್ಲಿ!" ಎಂದು ತುಕ್ಕನ್ನು ಉಜ್ಜಿ ತೆಗೆದು, ಬೋಲ್ಟನ್ನು ಗಟ್ಟಿಯಾಗಿ ತಿರುಗಿಸಿದ. ದೀಪ ತಾನಾಗಿ ಆರಿತು. ಜೀಪು ನಾಲ್ಕೂ ಚಕ್ರಗಳನ್ನು ಊರಿ ಕೆಸರು ದಾಟಿ ಮೇಲೇರಿತು.

ಆಸ್ಪತ್ರೆಯ ಅಂಗಳದಲ್ಲಿ ಮಗುವಿನ ಅಳು ಕೇಳಿದಾಗ ವೈರು ಮೆಲ್ಲಗೆ ಕೇಳಿತು: "ಆರಿ ಕೂತಿದ್ದೀಯಲ್ಲ, ಬೇಸರವಿಲ್ಲವೆ?"

"ಇಲ್ಲ" ಎಂದಿತು ದೀಪ. "ಈಗ ಆರಿರುವುದರಲ್ಲಿ ಸುಳ್ಳಿಲ್ಲ."