ಬೇರು ನೋಡಿದ ಜವಳಿ ವ್ಯಾಪಾರಿ

"ಗುರುಗಳೇ, ನಾವು ಪ್ರೀತಿಸುವವರನ್ನು ಆಗಾಗ ಪರೀಕ್ಷಿಸಿ ನೋಡುವುದು ತಪ್ಪೇ?" ಎಂದು ತಿಪ್ಪೇಶಪ್ಪ ಕೇಳಿದ.

ಪ್ರಶ್ನೆ ಸಾಮಾನ್ಯವಾಗಿತ್ತು, ಕೇಳಿದವನ ಮುಖ ಹಾಗಿರಲಿಲ್ಲ. "ಯಾರನ್ನು ಪರೀಕ್ಷಿಸಿದೆಯಪ್ಪಾ?" ಎಂದರು ಗುರುಗಳು. ಆಗ ಶಿಷ್ಯ ಉಳಿದದ್ದನ್ನೂ ಹೇಳಿದ. ಅವನಿಗೆ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅವಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲು ತೆಗೆದು ನೋಡುತ್ತಾನೆ. ಗೆಳತಿಯರನ್ನು ನಿಲ್ಲಿಸಿ ವಿಚಾರಿಸುತ್ತಾನೆ. ಇದುವರೆಗೆ ಒಂದು ತಪ್ಪೂ ಸಿಕ್ಕಿಲ್ಲ. ಆದರೆ ವಿಷಯ ಹೇಗೋ ಮಗಳಿಗೆ ತಿಳಿದಿದೆ. ಈಚೆಗೆ ಅವಳು ಅಪ್ಪನೊಂದಿಗೆ 'ಹೂಂ' ಮತ್ತು 'ಇಲ್ಲ' ಬಿಟ್ಟು ಬೇರೆ ಮಾತಾಡುವುದಿಲ್ಲ.

"ಅವಳ ಒಳ್ಳೆಯದಕ್ಕೇ ನೋಡಿದ್ದು," ಎಂದ.

"ಕೆಟ್ಟದ್ದಕ್ಕೆ ಎಂದು ಹೇಳಿ ನೋಡಿದವರನ್ನು ನಾನೂ ಕಂಡಿಲ್ಲ," ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅಂಗಡಿಗೆ ಯಾವ ಬಟ್ಟೆ ಬಂದರೂ ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದ. ನೇಯ್ದವನ ಗುಟ್ಟೆಲ್ಲ ಅಲ್ಲೇ ಇರುತ್ತದೆ ಎಂಬುದು ಅವನ ಅನುಭವ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಕೊಟ್ಟ ತಟ್ಟೆಯ ತಳವನ್ನೂ ಎತ್ತಿ ನೋಡಿದ್ದನಂತೆ. ಹುಡುಗಿ ನಕ್ಕುಬಿಟ್ಟಳು, ಮದುವೆಯೂ ಆಯಿತು. ಈ ಅಭ್ಯಾಸದಿಂದಾಗಿ ಅವನು ಯಾರಿಂದಲೂ ಮೋಸ ಹೋಗಲಿಲ್ಲ. ಹತ್ತಿರದವರು ಅಂತ ಹೆಚ್ಚು ಜನ ಉಳಿಯಲೂ ಇಲ್ಲ.

ಅವನ ಹೆಂಡತಿಯ ಬಳಿ ತವರಿನ ಹಿತ್ತಲ ಬದನೆಯ ಬೀಜವಿತ್ತು. ತಾಯಿ ತೀರಿಕೊಂಡಿದ್ದಳು. ಹಿತ್ತಲು ಮಾರಿಹೋಗಿ ಅಲ್ಲಿ ಯಾರದೋ ಮನೆ ಎದ್ದಿತ್ತು. ಅವಳ ಡಬ್ಬಿಯಲ್ಲಿ ಬಿಟ್ಟರೆ ಆ ಬದನೆ ಲೋಕದಲ್ಲಿ ಬೇರೆ ಎಲ್ಲಿಯೂ ಉಳಿದಿರಲಿಲ್ಲ. ಎರಡು ಸಲ ಮಣ್ಣಿನಲ್ಲಿ ಬೀಜ ಹಾಕಿದಳು, ಎರಡು ಸಲವೂ ಸಸಿಗಳನ್ನು ಬಸವನಹುಳು ತಿಂದವು. ಕೊನೆಗೆ ಅವಳು ಯಾರಿಂದಲೋ ನೀರಿನಲ್ಲಿ ಸಸಿ ಬೆಳೆಸುವುದನ್ನು ಕಲಿತು, ಉಳಿದ ಬೀಜವನ್ನೆಲ್ಲ ಹಾಕಿದಳು. ಮಹಡಿಯ ಮೇಲೆ ಅಂಗೈ ಆಳದ ಕಪ್ಪು ಟ್ರೇಗಳು. ಅವುಗಳಲ್ಲಿ ಗೊಬ್ಬರ ಬೆರೆಸಿದ ನೀರು. ಮೇಲೆ ತೂತುಗಳಿರುವ ಕಪ್ಪು ಹಲಗೆ, ತೂತಿಗೊಂದು ಸಸಿ. ಎಲೆ ಬೆಳಕಿನಲ್ಲಿ, ಬೇರು ಕತ್ತಲಲ್ಲಿ. ಸಸಿಗಳು ಗಟ್ಟಿಯಾದ ಮೇಲೆ ಮಣ್ಣಿಗಿಳಿಸಿ, ಕಾಯಿ ಬಲಿಸಿ, ಮತ್ತೆ ಬೀಜ ಮಾಡಿಕೊಳ್ಳುವುದು ಅವಳ ಆಸೆ.

ಅಷ್ಟರಲ್ಲಿ ತಂಗಿಯ ಮಗಳ ಬಾಣಂತನಕ್ಕೆ ಹೋಗಬೇಕಾಯಿತು.

"ನೀರು ಕಡಿಮೆಯಾದರೆ ಹಾಕಿ, ಅಷ್ಟೇ. ಹಲಗೆ ಮಾತ್ರ ಎತ್ತಬೇಡಿ. ಬೇರಿಗೆ ಬೆಳಕು ಆಗೋದಿಲ್ಲ," ಎಂದಳು.

"ನಾನೇನು ಚಿಕ್ಕ ಮಗುವಾ?"

"ಮಗುವಾಗಿದ್ದರೆ ಹೆದರಿಸಿ ಹೋಗ್ತಿದ್ದೆ," ಎಂದು ಬಸ್ಸು ಹತ್ತಿದಳು.

ವ್ಯಾಪಾರಿ ಅದೇ ಸಂಜೆ ಮಹಡಿಗೆ ಹೋದ. ಎಲೆಗಳು ಚೆನ್ನಾಗಿದ್ದವು. ಚೆನ್ನಾಗಿ ಕಾಣುವ ಮುಂಬದಿಯನ್ನು ನಂಬಿ ಬದುಕಿದವನಲ್ಲ ಅವನು. ಹಲಗೆಯನ್ನು ಒಂದಿಷ್ಟೇ ಎತ್ತಿದ. ಬೇರುಗಳು ಹೊಸ ನೂಲಿನಷ್ಟು ಬೆಳ್ಳಗಿದ್ದವು. ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಹೆಂಡತಿಯ ಸಸಿಗಳ ಬಗ್ಗೆ ಹೆಮ್ಮೆಯೂ ಆಯಿತು.

ಆದರೆ ನಿನ್ನೆ ಬೆಳ್ಳಗಿದ್ದದ್ದು ಇವತ್ತೂ ಬೆಳ್ಳಗಿದೆ ಎಂದು ಹೇಳುವವರು ಯಾರು? ಮರುದಿನ ಮತ್ತೆ ಎತ್ತಿದ. ಅದರ ಮರುದಿನವೂ ಎತ್ತಿದ. ಹೀಗೆ ಎತ್ತಿ ಇಳಿಸುವುದರಿಂದ ಪಾಪ ಸಸಿಗಳಿಗೆ ತೊಂದರೆಯಾಗುತ್ತದೆ ಎಂದು ಅವನಿಗೇ ಅನ್ನಿಸಿತು. ಆದ್ದರಿಂದ ಪೇಟೆಗೆ ಹೋಗಿ ಅದೇ ಅಳತೆಯ ಗಾಜಿನ ಟ್ರೇಗಳನ್ನು ಮಾಡಿಸಿ ತಂದು, ಹಲಗೆಗಳನ್ನು ಅವುಗಳ ಮೇಲಿಟ್ಟ. ಈಗ ಎತ್ತುವ ಕೆಲಸವೇ ಇಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮುಂದೆ ಕೂತರೆ ಸಾಕು. ಹೆಂಡತಿ ಬಂದು ನೋಡಿ ಮೆಚ್ಚುತ್ತಾಳೆ ಎಂದುಕೊಂಡ.

ಗಾಜಿನೊಳಗೆ ಬಿಸಿಲು ಬಂತು, ಬಿಸಿಲಿನ ಹಿಂದೆ ಪಾಚಿ ಬಂತು. ನೀರು ಹಸಿರಾಯಿತು. ಬೆಳೆಯ ವಿಷಯದಲ್ಲಿ ಹಸಿರು ಒಳ್ಳೆಯದೇ ಎಂದು ಅವನು ಮೊದಲು ತಿಳಿದ. ಪಾಚಿ ಗಾಜಿಗೆ ಹತ್ತಿ ಬೇರು ಕಾಣದಾದಾಗ ಗಾಬರಿಯಾಗಿ ಹಲಗೆ ಎತ್ತಿದ. ಬೇರುಗಳು ಕಂದುಬಣ್ಣಕ್ಕೆ ತಿರುಗಿ ಲೋಳೆಗಟ್ಟಿದ್ದವು. ಒಂದೊಂದನ್ನೂ ಚೆಂಬಿನ ನೀರಿನಲ್ಲಿ ಅದ್ದಿ, ಮಗುವಿನ ಕೂದಲು ತೊಳೆಯುವಷ್ಟು ಮೆಲ್ಲಗೆ ತೊಳೆದ. ಬೇರು ಅವನ ಬೆರಳಿಗೆ ಅಂಟಿಕೊಂಡು ಬಂತು.

ಮೊದಲ ಸಂಜೆಯ ನಂತರ ಅವನು ಎಲೆಗಳನ್ನು ಸರಿಯಾಗಿ ನೋಡಿರಲಿಲ್ಲ. ಅವು ಮೇಲೆಯೇ ಇದ್ದವು, ಏನನ್ನೂ ಎತ್ತದೆ ಕಾಣುವಂತಿದ್ದವು. ನೋಡಿದಾಗ ಅವು ಹಳದಿಯಾಗಿ ಜೋತುಬಿದ್ದಿದ್ದವು.

ಹೆಂಡತಿ ಬಂದಳು. ಮಹಡಿಗೆ ಹೋಗಿ ನೋಡಿದಳು.

"ಗಾಜು ಯಾಕೆ?"

"ಬೇರು ಸರಿ ಇದೆಯಾ ಅಂತ ನೋಡೋಕೆ."

"ಸರಿ ಇತ್ತಾ?"

"ಇತ್ತು," ಎಂದ ವ್ಯಾಪಾರಿ. ಅವನು ಸುಳ್ಳು ಹೇಳುವವನಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೂ ಒಂದು ಮಾತಾಡಲು ದಾರಿಯಾಗುತ್ತಿತ್ತು. ನೀರನ್ನು ಮೋರಿಗೆ ಚೆಲ್ಲಿ, ಟ್ರೇಗಳನ್ನು ತೊಳೆದು ಮಗುಚಿಟ್ಟಳು. ರಾತ್ರಿ ಊಟಕ್ಕೆ ಬಡಿಸಿದಳು, ಏನೂ ಕಡಿಮೆ ಮಾಡಲಿಲ್ಲ. ಮರುದಿನವೂ ಕಡಿಮೆ ಮಾಡಲಿಲ್ಲ. ತವರಿನ ಮಾತನ್ನು ಮಾತ್ರ ಆಮೇಲೆ ಆ ಮನೆಯಲ್ಲಿ ಎತ್ತಲಿಲ್ಲ.

ವ್ಯಾಪಾರಿ ಬೀಜದ ಅಂಗಡಿಗಳನ್ನೆಲ್ಲ ಸುತ್ತಿದ. "ತಿಳಿ ನೇರಳೆ, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು," ಎಂದು ಹೇಳಿದ. ಅದನ್ನೂ ಅವನು ಒಮ್ಮೆ ಅವಳ ಬಾಯಲ್ಲಿ ಕೇಳಿದ್ದಷ್ಟೇ, ಕಂಡಿದ್ದಲ್ಲ. ಅಂಗಡಿಯವರು ತೋರಿಸಿದ ಪೊಟ್ಟಣಗಳಲ್ಲಿ ಯಾವುದು ಅದು, ಯಾವುದು ಅಲ್ಲ ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳನ್ನು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ತಿಪ್ಪೇಶಪ್ಪ, "ಅದೆಲ್ಲ ಸರಿ ಗುರುಗಳೇ, ಆದರೆ ಹಲಗೆ ಎತ್ತದೆ ಸಸಿ ಹೇಗಿದೆ ಎಂದು ಅವನಿಗೆ ತಿಳಿಯುವುದಾದರೂ ಹೇಗೆ?" ಎಂದ.

"ಮಗಳು ಎದುರಿಗೆ ಕೂತು ಬಾಯಿ ತುಂಬಾ ಮಾತಾಡುತ್ತಿದ್ದ ದಿನಗಳಲ್ಲಿ ನೀನು ಎಲ್ಲಿ ನೋಡುತ್ತಿದ್ದೆಯಪ್ಪಾ?" ಎಂದರು ಗುರುಗಳು.