ಭೂತಾನ ಯಾವ ಕೈಗೆ

ಆರು ವರ್ಷ ಹಿಮಾಲಯ ಸುತ್ತಿ ಬಂದ ಅಡಿವೆಪ್ಪನಿಗೆ ಅಡುಗೆಮನೆಯ ಫಕೀರವ್ವನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಯಾರ ಮುಂದೆಯೂ ಹೇಳಿಕೊಳ್ಳಲಾಗದಂಥ ಹೊಟ್ಟೆಕಿಚ್ಚು.

ಮಲಪ್ರಭೆ ಹೊಳೆಯ ದಂಡೆಯಲ್ಲಿ ಅವರಿಬ್ಬರೂ ಇದ್ದ ಆಶ್ರಮದಲ್ಲಿ ಊರಿನ ಮಕ್ಕಳಿಗಾಗಿ ಒಂದು ಸಣ್ಣ ಶಾಲೆಯಿತ್ತು. ಮೂರನೇ, ನಾಲ್ಕನೇ ತರಗತಿಯವರು ಹುಣಸೆ ಮರದ ಕೆಳಗೆ ಕೂರುತ್ತಿದ್ದರು. ಬೆಟ್ಟದ ನಾಡುಗಳ ಪಾಠ ಅಡಿವೆಪ್ಪನದು. ನೇಪಾಳ, ಭೂತಾನ, ಟಿಬೆಟ್ಟು ಎಲ್ಲವನ್ನೂ ಕಾಲಿನಲ್ಲೇ ಅಳೆದು ಬಂದವನು ಅವನು. ಆಶ್ರಮದಲ್ಲಿ ಬೇರೆ ಯಾರಿಗೂ ಆ ಗತ್ತು ಇರಲಿಲ್ಲ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಮ್ಮೆ ಅವನು ಜ್ವರ ಬಂದು ತಿಂಗಳಿಡೀ ಹಾಸಿಗೆ ಹಿಡಿದ. ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು, ಅವನು ಏಳುವವರೆಗೆ ಮಕ್ಕಳನ್ನು ನೋಡಿಕೋ ಎಂದು ಫಕೀರವ್ವನಿಗೆ ಹೇಳಿದರು. ಫಕೀರವ್ವ ಹೊಳೆಯ ಆಚೆ ದಂಡೆ ದಾಟಿ ಹೋದವಳಲ್ಲ.

ಅಡಿವೆಪ್ಪ ಎದ್ದು ಹೊರಗೆ ಬಂದು ನೋಡಿದರೆ, ಮಕ್ಕಳೆಲ್ಲ ಹಣೆಗೆ ಬಟ್ಟೆಯ ಪಟ್ಟಿ ಕೊಟ್ಟು ಬೆನ್ನಿಗೆ ಬುಟ್ಟಿ ಇಳಿಬಿಟ್ಟುಕೊಂಡು ದಂಡೆ ಹತ್ತುತ್ತಿದ್ದರು. ನೇಪಾಳದ ಬೆಟ್ಟದಲ್ಲಿ ಹೊರೆ ಹೊರುವುದು ಹೀಗೇ ಅಂತೆ. ಮರುದಿನ ಜವೆಗೋಧಿಯ ಹುರಿಹಿಟ್ಟಿಗೆ ಉಪ್ಪು, ಬೆಣ್ಣೆ ಹಾಕಿದ ಚಹಾ ಕಲಸಿ ಉಂಡೆ ಕಟ್ಟಿ ತಿಂದರು. ಅದು ಟಿಬೆಟ್ಟಿನವರ ಊಟ. ಉಪ್ಪು ಚಹಾಕ್ಕೆ ಮುಖ ಕಿವುಚಿದರು, ಮತ್ತೆ ಇನ್ನೊಂದು ಉಂಡೆ ಕೇಳಿದರು.

ಅಡಿವೆಪ್ಪನಿಗೂ ಒಂದು ಉಂಡೆ ಬಂತು. ರುಚಿ ಥೇಟ್ ಅಲ್ಲಿಯದೇ. ಅದಕ್ಕೇ ಅರ್ಧ ತಿಂದು ಕೆಳಗಿಟ್ಟ.

ಇದನ್ನೆಲ್ಲ ಅವನೂ ಹೇಳಿದ್ದ. ಮೂರು ವರ್ಷದಿಂದ ಹೇಳುತ್ತಲೇ ಬಂದಿದ್ದ. ಆಗ ಮಕ್ಕಳು ಆಕಳಿಸಿದ್ದರು.

ಅವನು ಮತ್ತೆ ಪಾಠಕ್ಕೆ ನಿಂತ ದಿನ ನಿಂಬೆವ್ವ ಎಂಬ ಪುಟ್ಟ ಹುಡುಗಿ ಕೈಯೆತ್ತಿದಳು.

"ಮಾಸ್ತರ, ಅಕ್ಕ ಇನ್ನ ಬರಂಗಿಲ್ಲೇನ್ರಿ?"

ಅವತ್ತಿನಿಂದ ಅಡಿವೆಪ್ಪನಿಗೆ ಅನ್ನ ಸೇರಲಿಲ್ಲ. ಬಡಿಸುವವಳೂ ಫಕೀರವ್ವನೇ ಆಗಿದ್ದರಿಂದ ಇನ್ನಷ್ಟು ಸೇರಲಿಲ್ಲ.

ಮಕ್ಕಳ ಆಸೆ ಅಜ್ಜಾರ ಕಿವಿಗೂ ಬಿತ್ತು. ವಾರಕ್ಕೆರಡು ದಿನ ಫಕೀರವ್ವ ಕಲಿಸಲಿ ಎಂದರು. ಅಡಿವೆಪ್ಪ ಒಪ್ಪಿದಂತೆ ತಲೆಯಾಡಿಸಿದ. ಇವತ್ತು ಎರಡು ದಿನ, ನಾಳೆ ಪಾಠವೇ ಅವಳ ಪಾಲಾಗುತ್ತದೆ ಎಂಬ ಭಯ ಅವನಿಗೆ. ಅವಳು ಪಾಠ ಮಾಡುವಾಗೆಲ್ಲ ಮರದ ಮರೆಯಲ್ಲಿ ನಿಂತು ತಪ್ಪು ಹುಡುಕತೊಡಗಿದ.

ಕೊನೆಗೂ ಒಂದು ಸಿಕ್ಕಿತು.

ಫಕೀರವ್ವ ಮಕ್ಕಳ ಜೊತೆ ಕೂತು ಹೊಳೆಯ ಕೆಸರಿನಲ್ಲಿ ಹಿಮಾಲಯ ಕಟ್ಟಿದ್ದಳು. ಆಚೆ ತುದಿಗೆ ಟಿಬೆಟ್ಟು, ನಡುವೆ ಸಿಕ್ಕಿಂ, ಈಚೆಗೆ ನಮ್ಮ ಬಯಲು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಬಲಕ್ಕಿರಬೇಕಾದ ಭೂತಾನ ಎಡಕ್ಕೆ ಹೋಗಿ ಕೂತಿತ್ತು. ಎಡಕ್ಕಿರಬೇಕಾದ ನೇಪಾಳ ಬಲಕ್ಕೆ ಬಂದಿತ್ತು.

ಎಷ್ಟೋ ದಿನದ ಮೇಲೆ ಅಡಿವೆಪ್ಪನಿಗೆ ಹಸಿವಾಯಿತು.

ಅವನು ಅಜ್ಜಾರ ಬಳಿಗೆ ಹೆಚ್ಚುಕಡಿಮೆ ಓಡಿದ.

"ಅಜ್ಜಾರ, ಆಕಿ ಎರಡು ದೇಶಾನ ಅದಲುಬದಲು ಮಾಡ್ಯಾಳ್ರಿ. ತಪ್ಪು ಕಲಿಸಿದವರು ಮಕ್ಕಳ ಎದುರಿಗೆ ನಿಲ್ಲಬಾರದು."

"ಯಾರಾದ್ರೂನು?"

"ಯಾರಾದ್ರೂನು."

ನ್ಯಾಯವಂತನಂತೆ ಕಾಣಲಿ ಎಂದು ಅಷ್ಟು ಜೋರಾಗಿ ಅಂದುಬಿಟ್ಟ.

ಅಜ್ಜಾರು ಕೋಲು ಹಿಡಿದು ಮರದ ಹತ್ತಿರ ಬಂದರು. ಕೆಸರಿನ ಬೆಟ್ಟಗಳನ್ನು ಸುತ್ತಿ ನೋಡಿದರು. ಇದನ್ನು ನಿನಗೆ ಯಾರು ಕಲಿಸಿದರು ಎಂದು ಫಕೀರವ್ವನನ್ನು ಕೇಳಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು.

"ಮಾಸ್ತರ ಹೇಳಿದ್ದನ್ನ ಹೇಳೇನ್ರಿ. ಮೂರು ವರ್ಷ ಅಡಿಗಿಮನಿ ಕಟ್ಟಿ ಮ್ಯಾಲ ಕುಂತು ಪಲ್ಲೆ ಸೋಸ್ತಾ ಕೇಳೇನಿ. ನನಗ ಬ್ಯಾರೆ ಏನ್ ಗೊತ್ತೈತ್ರಿ?"

ಆ ಕಟ್ಟೆ ಮಕ್ಕಳ ಬೆನ್ನ ಹಿಂದೆಯೇ ಇತ್ತು. ಅಲ್ಲೊಬ್ಬಳು ಕೂತು ಕೇಳುತ್ತಿದ್ದಳು ಎಂಬುದು ಅಡಿವೆಪ್ಪನ ಗಮನಕ್ಕೇ ಬಂದಿರಲಿಲ್ಲ. ಅವನು ಮುಖ ಕೆಂಪಗೆ ಮಾಡಿಕೊಂಡು, ನಾನು ಹೀಗೆ ಹೇಳಿಯೇ ಇಲ್ಲ ಎಂದ. ಹಾಗಾದರೆ ಹೇಗೆ ಹೇಳಿದ್ದೆಯೋ ಹಾಗೇ ತೋರಿಸು ಎಂದರು ಅಜ್ಜಾರು.

ಅಡಿವೆಪ್ಪ ಮರದ ಬುಡಕ್ಕೆ ಹೋಗಿ, ತನ್ನ ಎಂದಿನ ಜಾಗದಲ್ಲಿ, ಮಕ್ಕಳಿಗೆ ಎದುರಾಗಿ ನಿಂತ. ತಲೆ ಮುಟ್ಟಿ ಟಿಬೆಟ್ಟು ಅಂದ. ಎದೆ ಮುಟ್ಟಿ ಸಿಕ್ಕಿಂ ಅಂದ. ಎಡಗೈ ಚಾಚಿ ನೇಪಾಳ ಅಂದ. ಬಲಗೈ ಚಾಚಿದ. ಒಂದೂ ತಪ್ಪಿರಲಿಲ್ಲ.

ಮಕ್ಕಳೂ ಎಂದಿನಂತೆ ಅವನನ್ನೇ ನೋಡುತ್ತ ಕೈ ಚಾಚಿದರು. ಕನ್ನಡಿಯಲ್ಲಿ ಕಂಡಂತೆ, ಅವನ ಬಲಗೈ ಇದ್ದ ಕಡೆಗೆ ಅವರ ಎಡಗೈಗಳು ಎದ್ದವು. ಅವರ ಹಿಂದೆ ನಿಂತಿದ್ದ ಫಕೀರವ್ವನ ಎಡಗೈಯೂ ಎದ್ದಿತು.

"ಭೂತಾನ" ಎಂದರು ಎಲ್ಲರೂ ಒಟ್ಟಿಗೆ.

ಅಡಿವೆಪ್ಪನ ಕೈ ಚಾಚಿದಲ್ಲೇ ನಿಂತಿತು. ಮೂರು ವರ್ಷ ಇದೇ ಪಾಠ ಮಾಡಿದ್ದ. ಆ ಪುಟ್ಟ ಕೈಗಳು ಯಾವ ಕಡೆಗೆ ಏಳುತ್ತವೆ ಎಂದು ಅವನು ನೋಡಿದ್ದು ಇವತ್ತೇ.

ಯಾರಾದ್ರೂನು ಎಂದು ಅಡಿವೆಪ್ಪ ತಾನೇ ಆಗಲೇ ಅಂದಾಗಿತ್ತು. ಅವಳ ಪಾಠ ಕಸಿಯಲು ಹೋದವನು ತನ್ನದನ್ನು ಕಳೆದುಕೊಂಡಿದ್ದ. ಅವನಿಗೆ ಅಳು ಬಂತು. ನಿಂಬೆವ್ವ ನೋಡುತ್ತಿದ್ದಾಳೆಂದು ತಡೆದುಕೊಂಡ.

"ತಪ್ಪು ನಂದರಿ, ಅಜ್ಜಾರ. ನಾ ಇನ್ನ ಇವರ ಎದುರಿಗೆ ನಿಲ್ಲಂಗಿಲ್ಲ."

ಹಾಗೆಂದು ಆಶ್ರಮದ ಹೊರಬಾಗಿಲ ಕಡೆಗೆ ತಿರುಗಿದ.

ಅಜ್ಜಾರು ಕೋಲು ಊರಿಕೊಂಡು ಮಕ್ಕಳ ನಡುವೆ ಹೋಗಿ ಕೂತರು. ಫಕೀರವ್ವನನ್ನೂ ಕೂರಿಸಿದರು. ನಿಂಬೆವ್ವನನ್ನು ಚೂರು ಸರಿಸಿ, ಖಾಲಿಯಾದ ಜಾಗದ ಧೂಳನ್ನು ಅಂಗೈಯಿಂದ ಒರೆಸಿದರು.

"ಅತ್ತಾಗ ಎಲ್ಲಿ ಹೊಂಟಿ? ಆರು ವರ್ಷ ನಡದಿ, ಇನ್ನ ನಾಕ ಹೆಜ್ಜಿ ಉಳದಾವ. ಬಾ, ಇಲ್ಲಿ ಕುಂತು ಹೇಳು."